ಮೇಜಿನ ಸಿಂಗಾರಕ್ಕೂ ಒಂದು ಮರುದಿನವಿದೆ

ಮಲೆನಾಡಿನ ಶುಭಕಾರ್ಯಗಳಲ್ಲಿ ಊಟದ ಪಂಕ್ತಿ ನೆಲದಿಂದ ಮೇಜಿಗೆ ಏರಿ ದಶಕಗಳೇ ಕಳೆದಿವೆ. ನೆಲದ ಮೇಲೆ ಕುಳಿತು ಉಣ್ಣುತ್ತಿದ್ದ ಕಾಲದಲ್ಲಿ ಅಲಂಕಾರವೆಂದರೆ ಬಾಳೆ ಎಲೆಯ ಸುತ್ತ ಎಳೆದ ರಂಗೋಲಿ, ಪಂಕ್ತಿಯ ತುದಿಯಲ್ಲಿ ಹಚ್ಚಿಟ್ಟ ದೀಪ, ನಾಲ್ಕಾರು ಊದುಬತ್ತಿ. ಊಟ ಮುಗಿದು ಎಲೆ ತೆಗೆದು ನೆಲಕ್ಕೆ ಗೋಮಯ ಹಚ್ಚಿದರೆ ಅಲಂಕಾರವೂ ಅಲ್ಲಿಗೆ ಮುಗಿಯುತ್ತಿತ್ತು. ಅದರ ಗುರುತು ಮರುದಿನಕ್ಕೆ ಉಳಿಯುತ್ತಿರಲಿಲ್ಲ. ಮೇಜು ಬಂದ ಮೇಲೆ ಮೇಜಿಗೊಂದು ನಡು ಬಂತು. ಆ ನಡುವನ್ನು ಬರಿದೆ ಬಿಡಬಾರದೆಂಬ ರೂಢಿಯೂ ಅದರ ಹಿಂದೆಯೇ ಬಂತು.

ಇಂದು ಘಟ್ಟದ ಯಾವ ಪೇಟೆಯ ಕಲ್ಯಾಣ ಮಂಟಪಕ್ಕೆ ಹೋದರೂ ಆ ನಡುವಿನಲ್ಲಿ ಕಾಣುವುದು ಹೆಚ್ಚು ಕಡಿಮೆ ಒಂದೇ ವಸ್ತು. ಪ್ಲಾಸ್ಟಿಕ್ ಬುಟ್ಟಿಯೊಳಗೆ ಒಂದು ಹಸಿರು ಸ್ಪಂಜು, ಅದಕ್ಕೆ ಚುಚ್ಚಿದ ಜರ್ಬೆರಾ ಮತ್ತು ಕಾರ್ನೇಷನ್, ಸುತ್ತ ಹೊಳೆಯುವ ರಿಬ್ಬನ್. ಖರ್ಚು ಕಡಿಮೆ ಮಾಡಬೇಕೆನ್ನುವವರಿಗೆ ಬಾಡಿಗೆಗೆ ತಂದ ಪ್ಲಾಸ್ಟಿಕ್ ಹೂವಿನ ಗೊಂಚಲು. ಮದುವೆ, ಉಪನಯನ, ಗೃಹಪ್ರವೇಶ, ಷಷ್ಟ್ಯಬ್ದಿ, ಶಾಲಾ ವಾರ್ಷಿಕೋತ್ಸವ, ಸನ್ಮಾನ ಸಮಾರಂಭ ಎಲ್ಲಕ್ಕೂ ಇದೇ. ಜೂನ್ 5ರ ವಿಶ್ವ ಪರಿಸರ ದಿನದ ವೇದಿಕೆಯ ಮೇಜೂ ಇದಕ್ಕೆ ಹೊರತಾಗಿಲ್ಲವೆಂಬುದು ವಿಷಾದದ ಸಂಗತಿ. ಕಾಡು ಉಳಿಸುವ ಭಾಷಣ ನಡೆಯುವಾಗ ಭಾಷಣಕಾರರ ಮುಂದೆ ಕೊಳೆಯದ ಹೂವೊಂದು ನಗುತ್ತಿರುತ್ತದೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಚರ್ಚೆಯೇಕೆ ಎಂಬ ಪ್ರಶ್ನೆ ಸಹಜ. ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆ, ಬೇಡ್ತಿ–ವರದಾ ನದಿ ಜೋಡಣೆಯಂಥ ಬೃಹತ್ ಸಂಗತಿಗಳ ಎದುರು ದನಿಯೆತ್ತಬೇಕಾದ ಬೆಟ್ಟದ ಜನ ಹೂಗುಚ್ಛದ ವಿಚಾರದಲ್ಲಿ ಕಾಲ ಕಳೆಯಬೇಕೆ ಎಂದು ಕೇಳುವವರಿದ್ದಾರೆ. ಆದರೆ ಬೃಹತ್ ಯೋಜನೆಗಳ ತೀರ್ಮಾನ ದೂರದ ಕಚೇರಿಗಳಲ್ಲಿ ಆಗುತ್ತದೆ. ಊಟದ ಮೇಜಿನ ತೀರ್ಮಾನ ಮನೆಯ ಜಗುಲಿಯಲ್ಲೇ ಆಗುತ್ತದೆ. ಬೆಟ್ಟವೆಂದರೆ ಬೇಕಾದ್ದನ್ನು ತೆಗೆದುಕೊಳ್ಳುವ ಉಗ್ರಾಣ, ಬೇಡವಾದದ್ದನ್ನು ಎಸೆಯುವ ಕಂದಕ ಎಂಬ ದೃಷ್ಟಿಯೇ ಎರಡರ ಬೇರಿನಲ್ಲೂ ಇದೆ. ಮನೆಯ ಮೇಜಿನ ಮೇಲೆ ಆ ದೃಷ್ಟಿಯನ್ನು ಒಪ್ಪಿಕೊಂಡವರು ನದಿಯ ದಂಡೆಯ ಮೇಲೆ ಅದನ್ನು ವಿರೋಧಿಸಿದರೆ ಆ ಮಾತಿಗೆ ತೂಕ ಕಡಿಮೆ.

ಹಸಿರು ಸ್ಪಂಜಿನ ಸಂಗತಿ

ಹೂ ಚುಚ್ಚುವ ಹಸಿರು ಸ್ಪಂಜನ್ನು ಅನೇಕರು ಯಾವುದೋ ಸಸ್ಯದ ತಿರುಳೆಂದು ಭಾವಿಸಿದ್ದಾರೆ. ಬಣ್ಣವೂ ಹಗುರವೂ ಹಾಗೆ ತೋರಿಸುತ್ತವೆ. ವಾಸ್ತವದಲ್ಲಿ ಅದು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ತಯಾರಾದ ಪ್ಲಾಸ್ಟಿಕ್ ನೊರೆ. ಅಮೆರಿಕದ ಓಹಿಯೋ ರಾಜ್ಯದಲ್ಲಿ ವರ್ನನ್ ಸ್ಮಿದರ್ಸ್ ಎಂಬಾತ 1954ರಲ್ಲಿ ಇದನ್ನು ರೂಪಿಸಿದ. ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿಕೊಂಡು, ಚುಚ್ಚಿದ ಕಡ್ಡಿಯನ್ನು ಅಲುಗದಂತೆ ಹಿಡಿದು ನಿಲ್ಲಿಸುವ ಗುಣದಿಂದಾಗಿ ಅದು ಜಗತ್ತಿನ ಹೂವಿನ ಅಂಗಡಿಗಳನ್ನೆಲ್ಲ ಆಕ್ರಮಿಸಿತು. ಒಮ್ಮೆ ಚುಚ್ಚಿದ ತೂತು ಮತ್ತೆ ಮುಚ್ಚುವುದಿಲ್ಲ. ಹೀಗಾಗಿ ಒಂದು ಸಮಾರಂಭಕ್ಕೆ ಬಳಸಿದ್ದು ಇನ್ನೊಂದಕ್ಕೆ ಬರುವುದು ಕಷ್ಟ. ಬೆರಳಲ್ಲಿ ಒತ್ತಿದರೆ ಹಿಟ್ಟಿನಂತೆ ಉದುರುವ ಈ ವಸ್ತು ಕೊಳೆತು ಮಣ್ಣಾಗುವುದಿಲ್ಲ. ಸಣ್ಣದಾಗುತ್ತ ಹೋಗುತ್ತದೆ, ಅಷ್ಟೆ.

ಆಸ್ಟ್ರೇಲಿಯಾದ ಆರ್.ಎಂ.ಐ.ಟಿ. ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಪುಡಿಯನ್ನು ಜಲಚರಗಳ ಮೇಲೆ ಪರೀಕ್ಷಿಸಿದರು. ಸಿಹಿನೀರಿನ ಮತ್ತು ಕಡಲಿನ ಅಕಶೇರುಕ ಜೀವಿಗಳು ಈ ಕಣಗಳನ್ನು ತಿನ್ನುತ್ತವೆ, ಕಣಗಳಿಂದ ನೀರಿಗೆ ಇಳಿಯುವ ರಾಸಾಯನಿಕಗಳೂ ಅವುಗಳಿಗೆ ಹಾನಿ ಮಾಡುತ್ತವೆ ಎಂದು ಕಂಡುಬಂತು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತನ್ನ ಪ್ರಸಿದ್ಧ ಪುಷ್ಪ ಪ್ರದರ್ಶನಗಳಲ್ಲಿ 2021ರಿಂದ ಈ ಸ್ಪಂಜಿನ ಬಳಕೆಯನ್ನು ನಿಷೇಧಿಸಿದೆ. ಅಲಂಕಾರವನ್ನೇ ಉಸಿರಾಗಿಸಿಕೊಂಡ ಸಂಸ್ಥೆಯೊಂದು ಇದಿಲ್ಲದೆ ನಡೆಯಬಹುದೆಂದು ತೋರಿಸಿರುವಾಗ ಮಲೆನಾಡಿನ ಮದುವೆಮನೆಗೆ ಇದು ಅನಿವಾರ್ಯವೆಂದು ಹೇಳಲು ಕಾರಣವಿಲ್ಲ.

ಬಯಲುಸೀಮೆಯ ಕಸಕ್ಕೂ ಬೆಟ್ಟದ ಕಸಕ್ಕೂ ವ್ಯತ್ಯಾಸವಿದೆ. ಬಯಲಲ್ಲಿ ಎಸೆದದ್ದು ಬಹುಕಾಲ ಎಸೆದಲ್ಲೇ ಕಣ್ಣಿಗೆ ಕಾಣುತ್ತ ಬಿದ್ದಿರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಘಟ್ಟದ ಇಳಿಜಾರಿನಲ್ಲಿ ಎಸೆದದ್ದು ನಿಲ್ಲುವುದಿಲ್ಲ. ಏಪ್ರಿಲ್, ಮೇ ತಿಂಗಳ ಮದುವೆಗಳ ಕಸ ಮಂಟಪದ ಹಿಂದಿನ ದರೆಯಲ್ಲಿ ಬಿದ್ದಿದ್ದರೆ ಜೂನ್ ತಿಂಗಳ ಮೊದಲ ಜಡಿಮಳೆ ಅದನ್ನು ಹಳ್ಳಕ್ಕೆ ಒಪ್ಪಿಸುತ್ತದೆ; ಹಳ್ಳ ಹೊಳೆಗೆ, ಹೊಳೆ ಕಡಲಿಗೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುವಲ್ಲಿನ ಅಳಿವೆ ಬಳಚಿಗೆ ಹೆಸರಾದದ್ದು. 2024ರಲ್ಲಿ ಅದು ರಾಮ್ಸಾರ್ ತಾಣವೆಂಬ ಮನ್ನಣೆಯನ್ನೂ ಪಡೆಯಿತು. ಬಳಚು ನೀರನ್ನು ಸೋಸಿ ಆಹಾರ ಪಡೆಯುವ ಜೀವಿ. ನೀರಿನಲ್ಲಿ ಏನಿದೆಯೋ ಅದು ಬಳಚಿನ ಒಡಲಿಗೆ, ಅಲ್ಲಿಂದ ಉಣ್ಣುವವರ ಒಡಲಿಗೆ ಹೋಗಬಲ್ಲದು. ಘಟ್ಟದ ಮೇಲಿನ ಮೇಜಿಗೂ ಘಟ್ಟದ ಕೆಳಗಿನ ಊಟದ ಬಟ್ಟಲಿಗೂ ನಡುವೆ ಇರುವುದು ಒಂದು ಹೊಳೆ ಮಾತ್ರ.

ಕಾನೂನು ಹಿಡಿದದ್ದು, ಬಿಟ್ಟದ್ದು

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಅಧಿಸೂಚನೆ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ನಿಷೇಧಿಸಿತು. ಊಟದ ಮೇಜಿನವರೆಗೆ ಕಾನೂನು ಬಂದ ಅಪರೂಪದ ಸಂದರ್ಭವದು. ಕೇಂದ್ರ ಸರ್ಕಾರದ ಏಕಬಳಕೆ ಪ್ಲಾಸ್ಟಿಕ್ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂದಾಗ ಅಲಂಕಾರಕ್ಕೆ ಬಳಸುವ ಥರ್ಮೊಕೋಲ್ ಕೂಡ ಪಟ್ಟಿಯಲ್ಲಿತ್ತು. ಆದರೆ ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ ಹೂವು ಇರಲಿಲ್ಲ, ಹಸಿರು ಸ್ಪಂಜೂ ಇರಲಿಲ್ಲ. ಹಾಸು ಹೋಯಿತು; ಹಾಸಿನ ಮೇಲಿನದು ಉಳಿಯಿತು.

ಪ್ಲಾಸ್ಟಿಕ್ ಹೂವಿನ ಪರವಾಗಿ ಹೇಳಬಹುದಾದ ಮಾತೊಂದಿದೆ: ಅದನ್ನು ಹತ್ತಾರು ಬಾರಿ ಬಳಸಬಹುದು. ಈ ಮಾತು ಸುಳ್ಳಲ್ಲ. ಈಗಾಗಲೇ ಕೊಂಡು ಅಟ್ಟದ ಮೇಲಿಟ್ಟದ್ದನ್ನು ಪರಿಸರದ ಹೆಸರಿನಲ್ಲಿ ಇಂದೇ ಹೊರಗೆಸೆಯುವುದು ಜಾಣತನವಲ್ಲ. ಬಾಳುವಷ್ಟು ದಿನ ಬಳಸುವುದೇ ಲೇಸು. ಆದರೆ ಬಣ್ಣ ಮಾಸಿ, ಧೂಳು ಹಿಡಿದು, ದಳ ಹರಿದ ಮೇಲೆ ಅದಕ್ಕೆ ಮರುಬಳಕೆಯ ದಾರಿಯಿಲ್ಲ. ತಂತಿ, ಬಟ್ಟೆ, ಅಂಟು, ಎರಡು ಮೂರು ಬಗೆಯ ಪ್ಲಾಸ್ಟಿಕ್ ಸೇರಿ ಆದ ವಸ್ತುವನ್ನು ಗುಜರಿಯವರೂ ಒಯ್ಯುವುದಿಲ್ಲ. ಕಸದ ಗಾಡಿ ಬಾರದ ಊರಿನಲ್ಲಿ ಅದು ಒಲೆಗೋ ದರೆಗೋ ಹೋಗುತ್ತದೆ. ಕ್ಲೋರಿನ್ ಇರುವ ಪ್ಲಾಸ್ಟಿಕ್ ಬೆಂಕಿಗೆ ಬಿದ್ದರೆ ಡಯಾಕ್ಸಿನ್ ಎಂಬ ವಿಷ ಹೊರಬರುತ್ತದೆ. ಬಚ್ಚಲ ಒಲೆಯಲ್ಲಿ ಅದನ್ನು ಸುಡುವ ಮನೆಯಲ್ಲಿ ಮೊದಲು ಉಸಿರಾಡುವವರು ಒಲೆಯ ಮುಂದೆ ಕುಳಿತವರೇ.

ಕಾಡು ಹೂವಿನ ಅಂಗಡಿಯಲ್ಲ

ಪ್ಲಾಸ್ಟಿಕ್ಕಿನ ದೋಷ ಈಗ ಬಹುಮಂದಿಗೆ ಮನವರಿಕೆಯಾಗಿದೆ. ಹೀಗಾಗಿ ‘ನೈಸರ್ಗಿಕ ಅಲಂಕಾರ’ವೆಂಬ ಹೊಸ ಒಲವು ಬೆಳೆಯುತ್ತಿದೆ. ಇದು ಸ್ವಾಗತಾರ್ಹ, ಆದರೆ ಎಚ್ಚರಿಕೆ ಬೇಕಾದದ್ದೂ ಇಲ್ಲೇ. ಮರದ ಕಾಂಡದಿಂದ ಕೆತ್ತಿ ತೆಗೆದ ಹಾವಸೆ, ಬೇರುಸಹಿತ ಕಿತ್ತ ಜರಿಗಿಡ, ಕೊಂಬೆಯಿಂದ ಬಿಡಿಸಿದ ಸೀತಾಳೆ, ಕತ್ತರಿಸಿದ ಕಾಡುಬಳ್ಳಿ ಮೇಜಿನ ನಡುವೆ ಕುಳಿತು ಪರಿಸರಸ್ನೇಹಿ ಎನ್ನಿಸಿಕೊಂಡರೆ ಅದು ಪ್ಲಾಸ್ಟಿಕ್ಕಿಗಿಂತ ಯಾವ ರೀತಿಯಲ್ಲಿ ಮೇಲು?

ಸೀತಾಳೆ ದಂಡೆಯನ್ನೇ ನೋಡಬಹುದು. ಮೇ, ಜೂನ್ ಹೊತ್ತಿಗೆ, ಮದುವೆಯ ದಿನಗಳು ಮುಗಿಯುತ್ತ ಬಂದು ಮಳೆ ಹಿಡಿಯುವ ಕಾಲದಲ್ಲಿ, ಮಲೆನಾಡಿನ ಹಳೆಯ ಮರಗಳ ಮೇಲೆ ನಸುಗೆಂಪು ಬಿಳಿಯ ದಂಡೆಗಳಾಗಿ ತೂಗುವ ಈ ಹೂವು ಯಾರ ಕಣ್ಣನ್ನಾದರೂ ಸೆಳೆಯುತ್ತದೆ. ಮುಡಿಯಲ್ಲಿ ತೂಗುವಂತಿರುವುದರಿಂದಲೇ ಅದಕ್ಕೆ ಆ ಹೆಸರು. ಸೀತಾಳೆಯ ಬೀಜ ಧೂಳಿನಷ್ಟು ಸಣ್ಣದು. ಮೊಳೆಯಲು ಬೇಕಾದ ಆಹಾರ ಬೀಜದೊಳಗೆ ಇಲ್ಲ. ಮರದ ತೊಗಟೆಯ ಮೇಲಿನ ನಿರ್ದಿಷ್ಟ ಶಿಲೀಂಧ್ರದ ನೆರವು ಸಿಕ್ಕರೆ ಮಾತ್ರ ಮೊಳಕೆ. ಮೊಳೆತ ಗಿಡ ಹೂ ಬಿಡಲು ಹಲವು ವರ್ಷ. ಹೂವಿನ ದಂಡೆಯನ್ನು ಕೊಯ್ದರೆ ಆ ವರ್ಷದ ಬೀಜ ಹೋಯಿತು; ಗಿಡವನ್ನೇ ಕಿತ್ತರೆ ಆ ಮರಕ್ಕೆ ಮತ್ತೊಂದು ಗಿಡ ಬರುವುದು ಯಾವಾಗಲೋ, ಬರುವುದೋ ಇಲ್ಲವೋ. ಸೀತಾಳೆಯ ಕುಟುಂಬವೆಲ್ಲವೂ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಏನನ್ನು ತಂದರೂ ಅಪರಾಧವೇ. ಸೊಪ್ಪಿನಬೆಟ್ಟದ ಹಕ್ಕಿದ್ದವರಿಗೂ ಸಿಕ್ಕಿರುವುದು ತೋಟಕ್ಕೆ ಸೊಪ್ಪು ತರುವ ಸೌಲಭ್ಯವೇ ಹೊರತು ಮರದ ಮೇಲಿನ ಸೀತಾಳೆಯನ್ನು ಮಾರುವ ಸೌಲಭ್ಯವಲ್ಲ.

1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಅಪ್ಪಿಕೋ ಚಳವಳಿ ಅಲ್ಲಿಂದ ಹೊರಟಿತು. ಮರವನ್ನು ಅಪ್ಪಿಕೊಂಡದ್ದು ದಿಮ್ಮಿಗಾಗಿ ಅಲ್ಲ. ಮರದ ಮೇಲಿನ ಹಾವಸೆ, ಸೀತಾಳೆ, ಹಕ್ಕಿಗೂಡು, ಮರದ ಬುಡದ ನೀರು ಎಲ್ಲಕ್ಕಾಗಿ. ಅದೇ ನಾಡಿನಲ್ಲಿ ಮರವನ್ನು ಉಳಿಸಿ ಮರದ ಮೈಯನ್ನು ಬೋಳಿಸುವುದು ಆ ಚಳವಳಿಯ ಅರ್ಥವನ್ನು ಅರ್ಧಕ್ಕೆ ಇಳಿಸಿದಂತೆ.

2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಗಿರಿಶ್ರೇಣಿಯಲ್ಲಿ ಕುರಿಂಜಿ ಅರಳಿದಾಗ ಸಾವಿರಾರು ಜನ ನೋಡಲು ಬಂದರು. ನೀಲಕುರಿಂಜಿ 12 ವರ್ಷಕ್ಕೊಮ್ಮೆ ಅರಳಿ, ಬೀಜ ಉದುರಿಸಿ ಸಾಯುವ ಗಿಡ. ಅಂಥ ಹೂವನ್ನು ಕೈತುಂಬ ಕೊಯ್ದು ಕಾರಿನಲ್ಲಿಟ್ಟವರು ಒಂದು ಸಂಜೆಯ ಚೆಂದಕ್ಕಾಗಿ ಮುಂದಿನ 12 ವರ್ಷದ ಬೀಜವನ್ನು ಒಯ್ದಂತಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯ ಬಳಿಕ ನೀಲಕುರಿಂಜಿ ರಕ್ಷಿತ ಸಸ್ಯಗಳ ಪಟ್ಟಿಯಲ್ಲಿದೆ.

ಸಂಪ್ರದಾಯದ ಅಲಂಕಾರವೂ ಈ ಅಪಾಯದಿಂದ ಹೊರಗಿಲ್ಲ. ಉತ್ತರ ಕನ್ನಡದಲ್ಲಿ ಚೌತಿಯ ಗಣಪತಿಯ ಮೇಲ್ಗಡೆ ಕಟ್ಟುವ ಫಲಾವಳಿ, ಗೋವೆಯವರ ಮಾಟೋಳಿ, ಎರಡೂ ಒಂದೇ ಬಳ್ಳಿಯ ಹೂಗಳು. ತೆಂಗು, ಸಿಂಗಾರ, ಮಾದಲ, ಸೌತೆ, ಹಾಗಲ, ಬಾಳೆಗೊನೆ ಹೀಗೆ ಮಳೆಗಾಲದ ಹಿತ್ತಲಲ್ಲಿ ಬೆಳೆದದ್ದನ್ನೂ ಬೇಲಿಯಂಚಿನಲ್ಲಿ ಸಿಕ್ಕ ನಾಲ್ಕು ಕಾಡುಕಾಯಿಯನ್ನೂ ದೇವರ ಮುಂದೆ ತೂಗಿಸುವ ಈ ಕ್ರಮದಲ್ಲಿ ಊರಿನ ಸಸ್ಯಜ್ಞಾನವೆಲ್ಲ ಅಡಗಿದೆ. ಮಕ್ಕಳು ಗಿಡಗಳ ಹೆಸರು ಕಲಿತದ್ದು ಫಲಾವಳಿಗೆ ಕಾಯಿ ಹುಡುಕುತ್ತಲೇ. ಆದರೆ ಗೋವೆಯಲ್ಲಿ ಸರ್ಕಾರವೇ ಮಾಟೋಳಿ ಸ್ಪರ್ಧೆ ನಡೆಸತೊಡಗಿದ ಮೇಲೆ ಹೆಚ್ಚು ಬಗೆಯನ್ನು ತೂಗಿಸಿದವರಿಗೆ ಹೆಚ್ಚು ಮನ್ನಣೆಯೆಂಬಂತಾಗಿ, ನೂರಾರು ಬಗೆಯ ಕಾಡು ಕಾಯಿ, ಬೇರು, ಹೂಗಳು ಒಂದೇ ಚೌಕಟ್ಟಿಗೆ ಏರಿದವು. ಅಪರೂಪವಾದಷ್ಟೂ ಅಂಕ ಹೆಚ್ಚೆಂದಾದರೆ ಅಪರೂಪದ ಸಸ್ಯಕ್ಕೇ ಮೊದಲ ಕುತ್ತು. ಪರಿಸರಾಸಕ್ತರು ಅಲ್ಲಿ ಈ ಪ್ರಶ್ನೆ ಎತ್ತಿದ್ದಾರೆ. ಕೆಡುಕು ಫಲಾವಳಿಯಲ್ಲಿ ಇಲ್ಲ, ಪೈಪೋಟಿಯಲ್ಲಿದೆ.

ಕಲಶ ಕಲಿಸುವ ಪಾಠ

ಹಾಗಿದ್ದರೆ ಅಲಂಕಾರವನ್ನು ಅಳೆಯುವ ಕೋಲು ಯಾವುದು? ಅದು ಹೊಸದಾಗಿ ಹುಡುಕಬೇಕಾದ್ದಲ್ಲ. ಶುಭಕಾರ್ಯದ ನಡುವಿನಲ್ಲಿ ಇಡುವ ವಸ್ತುವಿನ ಪೈಕಿ ಅತ್ಯಂತ ಹಳೆಯದು ಕಲಶ. ಬಾವಿಯ ನೀರು, ಅಂಗಳದ ಮಾವಿನ ಎಲೆ, ತೋಟದ ತೆಂಗಿನಕಾಯಿ, ಕೆಳಗೆ ಒಂದಿಷ್ಟು ಅಕ್ಕಿ. ಕಾರ್ಯ ಮುಗಿದೊಡನೆ ಕಲಶವನ್ನು ಕದಲಿಸುತ್ತಾರೆ: ನೀರು ಪ್ರೋಕ್ಷಣೆಗೆ, ಉಳಿದದ್ದು ತುಳಸಿಯ ಬುಡಕ್ಕೆ, ಕಾಯಿ, ಅಕ್ಕಿ ಅಡುಗೆಗೆ, ಎಲೆ ಗೊಬ್ಬರದ ಗುಂಡಿಗೆ, ಚೊಂಬು ಬೆಳಗಿ ಮತ್ತೆ ಕಪಾಟಿಗೆ. ಪ್ರತಿಯೊಂದಕ್ಕೂ ಹುಟ್ಟಿದ ಜಾಗ ಗೊತ್ತಿದೆ, ಹೋಗುವ ಜಾಗವೂ ಗೊತ್ತಿದೆ. ಆವಾಹನೆಯಷ್ಟೇ ಮುಖ್ಯವಾಗಿ ವಿಸರ್ಜನೆಯನ್ನೂ ಯೋಚಿಸಿದ ಅಲಂಕಾರವದು.

ಮೇಜಿನ ನಡುವಿನ ಅಲಂಕಾರಕ್ಕೂ ಇದೇ ಮೂರು ಪ್ರಶ್ನೆ ಸಾಕು. ಎಲ್ಲಿಂದ ಬಂತು? ಎಷ್ಟು ಬಂತು? ನಾಳೆ ಎಲ್ಲಿಗೆ ಹೋಗುತ್ತದೆ? ಪ್ಲಾಸ್ಟಿಕ್ ಹೂವು ಮೂರನೆಯ ಪ್ರಶ್ನೆಗೆ ಸೋಲುತ್ತದೆ. ಕಾಡಿನಿಂದ ಕಿತ್ತ ಸೀತಾಳೆ ಮೊದಲನೆಯದಕ್ಕೆ ಸೋಲುತ್ತದೆ. ತೋಟದ್ದೇ ಆದ ಸಿಂಗಾರವೂ ಎರಡನೆಯ ಪ್ರಶ್ನೆಯನ್ನು ಎದುರಿಸಬೇಕು. ಬಿರಿದ ಸಿಂಗಾರ ಮೇಜಿಗೆ ಶೋಭೆ ನಿಜ. ಆದರೆ ಒಂದು ಸಿಂಗಾರವೆಂದರೆ ಒಂದು ಕೊನೆ ಅಡಿಕೆ. ದೇವರಿಗೊಂದು, ಮಂಟಪಕ್ಕೊಂದು ಎಂದರೆ ತೋಟ ತಾಳೀತು. ಐವತ್ತು ಮೇಜಿಗೆ ಐವತ್ತು ಎಂದರೆ ಅದು ಬೆಳೆಯ ನಾಶ.

ಮಾಡುವ ಬಗೆ

ಈ ಮೂರು ಪ್ರಶ್ನೆಗೂ ಉತ್ತರಿಸಬಲ್ಲ ಮೇಜಿನ ಅಲಂಕಾರವನ್ನು ಯಾವ ತೋಟದ ಮನೆಯಲ್ಲಾದರೂ ಮಾಡಬಹುದು. ತಳಕ್ಕೆ ಅಡಿಕೆ ಹಾಳೆ. ಒಂದು ಅಡಿಕೆ ಮರ ವರ್ಷಕ್ಕೆ ಐದಾರು ಹಾಳೆಯನ್ನು ತಾನಾಗಿ ಉದುರಿಸುತ್ತದೆ. ಯಾವ ಮರವನ್ನೂ ನೋಯಿಸಬೇಕಾಗಿಲ್ಲ. ಬಿದ್ದ ಹಾಳೆಯನ್ನು ತೊಳೆದು, ಮೆತ್ತಗಾಗುವವರೆಗೆ ನೀರಿನಲ್ಲಿ ನೆನೆಸಿ, ಅಂಚು ಕತ್ತರಿಸಿ, ಎರಡೂ ತುದಿಯನ್ನು ಮಡಿಸಿ ಬಿದಿರ ಕಡ್ಡಿ ಚುಚ್ಚಿದರೆ ದೋಣಿಯ ಆಕಾರ ಬರುತ್ತದೆ. ನೆರಳಲ್ಲಿ ಒಣಗಿದರೆ ಆ ಆಕಾರವೇ ನಿಲ್ಲುತ್ತದೆ. ಒಂದೂವರೆ ಗೇಣು ಉದ್ದವಿದ್ದರೆ ಸಾಕು.

ಹಸಿರು ಸ್ಪಂಜಿನ ಜಾಗಕ್ಕೆ ಬಾಳೆಯ ಕಂಬ. ಗೊನೆ ಕಡಿದ ಬಾಳೆಯನ್ನು ಹೇಗೂ ಕಡಿದು ಹಾಕಬೇಕು. ಅದರ ಕಂಬವನ್ನು ನಾಲ್ಕು ಬೆರಳು ಎತ್ತರದ ತುಂಡುಗಳಾಗಿ ಕತ್ತರಿಸಿ ಒಂದೆರಡು ಗಂಟೆ ಸೊನೆ ಇಳಿಯಲು ಬಿಡಬೇಕು. ಬಾಳೆಯ ಸೊನೆ ಬಟ್ಟೆಗೆ ತಗುಲಿದರೆ ಕಲೆ ಹೋಗುವುದಿಲ್ಲವಾದ್ದರಿಂದ ತುಂಡಿನ ಅಡಿಗೆ ಎಲೆಯ ಚೂರೊಂದನ್ನು ಇಡುವುದು ಒಳ್ಳೆಯದು. ಮೊನೆ ಮಾಡಿದ ಬಿದಿರ ಕಡ್ಡಿಯಿಂದ ತೂತು ಮಾಡಿ ಹೂವಿನ ತೊಟ್ಟನ್ನು ಇಳಿಸಿದರೆ ಅದು ಅಲುಗದೆ ನಿಲ್ಲುತ್ತದೆ. ಕಂಬದೊಳಗಿನ ತೇವ ಹೂವನ್ನು ಸಮಾರಂಭ ಮುಗಿಯುವವರೆಗೆ ಬಾಡದಂತೆ ಕಾಯುತ್ತದೆ. ಹೂವನ್ನು ಮುಂಜಾನೆ ಕೊಯ್ದು ಕೆಲಹೊತ್ತು ನೀರಿನಲ್ಲಿ ನಿಲ್ಲಿಸಿದ್ದರೆ ಇನ್ನೂ ಚೆನ್ನ. ಕಟ್ಟಲು ಬಾಳೆಪಟ್ಟೆಯ ನಾರು. ತಂತಿ, ಗುಂಡುಸೂಜಿ, ಅಂಟು, ಮಿರುಗುಪುಡಿ ಯಾವುದೂ ಬೇಡ. ಬಾಳೆಯ ಕಂಬ ಮರುದಿನ ಕೊಟ್ಟಿಗೆಗೆ ಹೋಗಬೇಕಾದ್ದು; ಅದರೊಳಗೆ ಒಂದು ಸೂಜಿ ಉಳಿದರೂ ಆಕಳಿನ ಪ್ರಾಣಕ್ಕೆ ಸಂಚಕಾರ.

ಹೂವಿಗೆ ಋತುವೇ ಪಟ್ಟಿ ಕೊಡುತ್ತದೆ. ಬೇಸಿಗೆಯ ಮದುವೆಗೆ ಮಾವಿನ ಚಿಗುರು, ಮರದಡಿ ಉದುರಿದ ರಂಜೆ ಹೂವಿನ ಸರ, ಹಿತ್ತಲ ಮಲ್ಲಿಗೆ. ಮಳೆಗಾಲದ ಕಾರ್ಯಕ್ಕೆ ಡೇರೆ, ದಾಸವಾಳ, ಕರ್ಣಕುಂಡಲ. ಅಂಗಳದ ಡೇರೆ ಹೂವು ಮಲೆನಾಡಿನ ಹೆಂಗಸರ ಅಭಿಮಾನದ ಬೆಳೆ. ದೀಪಾವಳಿಯ ಆಸುಪಾಸಿನಲ್ಲಿ ಚೆಂಡುಹೂವು, ಸೇವಂತಿಗೆ, ಹಣ್ಣಡಿಕೆ. ಗದ್ದೆ ಇದ್ದವರಿಗೆ ಮಾಗಿದ ಭತ್ತದ ಕದಿರು. ಹೂ ಸಾಲದಿದ್ದರೆ ತೆಂಗಿನ ಗರಿಯ ಹೆಣಿಗೆ, ಹಲಸಿನ ಎಲೆ, ಕ್ರೋಟನ್, ನಿಂಬೆ, ಬಾಳೆಹಣ್ಣು. ಎತ್ತರ ಒಂದು ಗೇಣನ್ನು ಮೀರಬಾರದು. ಎದುರು ಕುಳಿತವರ ಮುಖ ಕಾಣದಿದ್ದರೆ ಊಟದ ಮೇಜಿನ ಸೌಹಾರ್ದವೇ ಹೋಯಿತು.

ಊಟದ ಜಾಗವೆಂಬುದನ್ನು ಮರೆಯದೆ ಕೆಲವನ್ನು ದೂರವಿಡಬೇಕು. ಬೆಂಕಿಯ ನಾಲಗೆಯಂತಿರುವ ಅಗ್ನಿಶಿಖೆ ನೋಡಲು ಸುಂದರ, ಗಿಡವೆಲ್ಲ ವಿಷ. ಕಣಗಿಲೆಯ ಹೂವು, ಎಲೆ, ಕಡ್ಡಿ ಎಲ್ಲವೂ ವಿಷ. ಕೆಂಪು ಕಪ್ಪಿನ ಗುಲಗಂಜಿ ಮಕ್ಕಳ ಕೈಗೆ ಮೊದಲು ಸಿಗುವ ಬೀಜ. ಅದನ್ನು ಅಗಿದರೆ ಅಪಾಯ. ದೇವರಿಗೆ ಏರಿಸುವ ಹೂವೆಲ್ಲವೂ ಉಣ್ಣುವ ಮೇಜಿಗೆ ತಕ್ಕದ್ದಲ್ಲ.

ಕಾಡಿನಿಂದ ಧಾರಾಳವಾಗಿ ತರಬಹುದಾದ ವಸ್ತುವೂ ಒಂದಿದೆ, ಅದು ಲಂಟಾನಾ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿಯೇ ಭಾರತಕ್ಕೆ ಬಂದು ಕಾಡನ್ನೆಲ್ಲ ಆವರಿಸಿದ ಕಳೆಯದು. ಒಂದು ಉದ್ಯಾನದ ಚೆಂದಕ್ಕಾಗಿ ತಂದದ್ದು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ತೆಗೆದು ಬೆತ್ತದ ಬದಲಿಗೆ ಬಳಸಿ ಕುರ್ಚಿ, ಬುಟ್ಟಿಗಳನ್ನು ಮಾಡುತ್ತಾರೆ. ನೀಲಗಿರಿ ಸೀಮೆಯ ಆದಿವಾಸಿ ಕುಶಲಕರ್ಮಿಗಳು ಲಂಟಾನಾದಿಂದ ಕಟ್ಟಿದ ಆಳೆತ್ತರದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ, 2024ರಿಂದ ಅಮೆರಿಕದಲ್ಲಿ ಪ್ರದರ್ಶನ ಕಂಡವು. ಆನೆಯನ್ನೇ ಕಟ್ಟಬಹುದಾದ ಕಡ್ಡಿಯಿಂದ ಹೂಬುಟ್ಟಿ ಕಟ್ಟಲು ಅಡ್ಡಿಯೇನು? ಒಮ್ಮೆ ಮಾಡಿದ ಬುಟ್ಟಿ ಹತ್ತು ಮದುವೆಗೆ ಬಂದೀತು. ಬೆತ್ತ ಘಟ್ಟದಲ್ಲಿ ವಿರಳವಾಗುತ್ತಿರುವ ಈ ಕಾಲದಲ್ಲಿ ಅದಕ್ಕೊಂದು ಬಿಡುವೂ ದೊರೆತೀತು. ಲಂಟಾನಾದ ಸೊಪ್ಪು ಮಾತ್ರ ದನಕ್ಕೆ ವಿಷ. ಅದನ್ನು ಕೊಟ್ಟಿಗೆಯ ಕಡೆಗೆ ತರಬಾರದು.

ಯಾರ ದುಡಿಮೆ, ಯಾರ ಜ಼ೀವನೋಪಾಯ

ಈ ಮಾತಿಗೆ ಬರುವ ಆಕ್ಷೇಪಗಳಲ್ಲಿ ಎರಡು ಗಂಭೀರವಾದವು. ಮೊದಲನೆಯದು ದುಡಿಮೆಯದು. ಮದುವೆಮನೆಯಲ್ಲಿ ಹಾಳೆ ನೆನೆಸುವವರು, ಹೂ ಕಟ್ಟುವವರು ಯಾರು? ಈಗಾಗಲೇ ಹತ್ತು ಕೆಲಸ ಹೊತ್ತ ಹೆಂಗಸರ ಹೆಗಲಿಗೆ ಹನ್ನೊಂದನೆಯದಾಗಿ ‘ಪರಿಸರಸ್ನೇಹಿ ಅಲಂಕಾರ’ವನ್ನು ಹೇರಿ ಗಂಡಸರು ವೇದಿಕೆಯಲ್ಲಿ ಚಪ್ಪಾಳೆ ಪಡೆಯುವುದಾದರೆ ಅದು ಸುಧಾರಣೆಯಲ್ಲ. ಹಳೆಯ ಕಾಲದಲ್ಲಿ ಚಪ್ಪರ ಹಾಕುವುದು ಊರಿನ ಗಂಡಸರ ಕೆಲಸವಾಗಿತ್ತು. ಮುಂಚಿನ ದಿನ ನೆರೆಹೊರೆಯವರು ಕೂಡಿ ಕಂಬ ನೆಟ್ಟು, ತೋರಣ ಕಟ್ಟಿ ಹೋಗುತ್ತಿದ್ದರು. ಮೇಜಿನ ಅಲಂಕಾರವೂ ಆ ಕೂಡುದುಡಿಮೆಯ ಭಾಗವಾಗಬೇಕು. ಹಾಳೆ ಕೊರೆಯಲು, ಬಾಳೆ ಕಡಿಯಲು, ಗರಿ ಹೆಣೆಯಲು ಗಂಡಸರ ಕೈಗೆ ಬಾರದಷ್ಟು ಕಷ್ಟವೇನೂ ಇಲ್ಲ.

ಎರಡನೆಯದು ಅಲಂಕಾರದ ಗುತ್ತಿಗೆಯನ್ನೇ ನಂಬಿ ಬದುಕುವವರ ಪ್ರಶ್ನೆ. ಪೇಟೆಯ ಶಾಮಿಯಾನದವರು, ಡೆಕೊರೇಷನ್‌ನವರು ಪರಿಸರದ ಶತ್ರುಗಳಲ್ಲ. ಗಿರಾಕಿ ಕೇಳಿದ್ದನ್ನು ಕೊಡುವುದು ಅವರ ವೃತ್ತಿ. ಗಿರಾಕಿ ಬೇರೆಯದನ್ನು ಕೇಳಿದರೆ ಅವರೂ ಬೇರೆಯದನ್ನು ಕೊಟ್ಟಾರು. ಹಳ್ಳಿಯ ಸ್ತ್ರೀಶಕ್ತಿ ಸಂಘವೊಂದು ಹಾಳೆಯ ದೋಣಿಗಳನ್ನು ಮಾಡಿಟ್ಟು, ಅಂಗಳದ ಹೂವನ್ನು ಒಟ್ಟುಮಾಡಿ ಡೆಕೊರೇಷನ್‌ನವರಿಗೆ ಒದಗಿಸಿದರೆ ದೂರದ ಊರಿನ ಹೂವಿಗೆ ಹೋಗುವ ಹಣದ ಒಂದು ಪಾಲು ಊರಲ್ಲೇ ಉಳಿಯುತ್ತದೆ. ಮೇಜಿಗೆ ಡೇರೆ ಬೇಕೆಂದಾದರೆ ಡೇರೆಗೆ ಬೆಲೆಯೂ ಬರುತ್ತದೆ. ಬೆಲೆ ಬಂದ ಗಿಡ ಅಂಗಳದಲ್ಲಿ ಉಳಿಯುತ್ತದೆ.

ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು ಕೊಡಬಾರದು, ಬದಲಿಗೆ ಕನ್ನಡ ಪುಸ್ತಕ ಕೊಡಬಹುದೆಂದು ರಾಜ್ಯ ಸರ್ಕಾರ 2021ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. ಸುತ್ತೋಲೆಗೆ ರೂಢಿಯನ್ನು ಪೂರ್ತಿ ಬದಲಿಸುವ ಶಕ್ತಿಯಿಲ್ಲ. ರೂಢಿಯನ್ನು ಬದಲಿಸಬೇಕಾದದ್ದು ಊರು. ಮಲೆನಾಡಿನ ಹಳ್ಳಿಹಳ್ಳಿಯಲ್ಲಿ ಸಮುದಾಯ ಭವನಗಳಿವೆ. ದೇವಸ್ಥಾನಗಳ, ಸಹಕಾರಿ ಸಂಘಗಳ ಸಭಾಭವನಗಳಿವೆ. ಭವನವನ್ನು ಬಾಡಿಗೆಗೆ ಕೊಡುವ ಅರ್ಜಿಯಲ್ಲಿ ಮೂರು ಸಾಲು ಸೇರಿಸುವುದು ಆಡಳಿತ ಸಮಿತಿಗಳಿಗೆ ಕಷ್ಟವಲ್ಲ: ಸ್ಪಂಜು, ಥರ್ಮೊಕೋಲ್, ಪ್ಲಾಸ್ಟಿಕ್ ಹೂವು ತರುವಂತಿಲ್ಲ, ಕಾಡಿನಿಂದ ಕಿತ್ತ ಸಸ್ಯ ತರುವಂತಿಲ್ಲ, ಅಲಂಕಾರದಲ್ಲಿ ಉಳಿದದ್ದನ್ನು ಭವನದ ಗೊಬ್ಬರದ ಗುಂಡಿಗೆ ಹಾಕಿ ಹೋಗತಕ್ಕದ್ದು. ಭವನದ ಹಿಂದೆ ಅಂಥದೊಂದು ಗುಂಡಿಯನ್ನು ತೋಡಿಸುವುದೂ ಸಮಿತಿಯದೇ ಹೊಣೆ. ಪರಿಸರ ಸಂಘಟನೆಗಳು ತಮ್ಮ ವೇದಿಕೆಯ ಮೇಜಿನಿಂದ ಇದನ್ನು ಆರಂಭಿಸಬೇಕು. ಬರುವ ಜೂನ್ 5ರ ಮೇಜು ಹೇಗಿರಬೇಕೆಂಬುದನ್ನು ನಿರ್ಧರಿಸಲು ಯಾರ ಅನುಮತಿಯೂ ಬೇಕಾಗಿಲ್ಲ.

ಮೇಜಿನ ನಡುವನ್ನು ತುಂಬಲೇಬೇಕೆಂಬ ಕಟ್ಟಳೆಯನ್ನು ಯಾವ ಶಾಸ್ತ್ರವೂ ಬರೆದಿಲ್ಲ. ಒಂದು ಚೊಂಬು ನೀರು, ಅದರಲ್ಲಿ ಅಂಗಳದ ಒಂದು ದಾಸವಾಳ ಇದ್ದರೂ ಅತಿಥಿಗೆ ಗೌರವ ಸಂದೀತು. ಅದೂ ಇಲ್ಲದ ದಿನ ಮೇಜು ಬರಿದಾಗಿದ್ದರೂ ಊಟದ ರುಚಿ ಕೆಡದು. ಮೇಜು ಬರಿದಾದರೆ ಮುಂದಿನ ಹಬ್ಬಕ್ಕೆ ತುಂಬಬಹುದು. ಕಾಡು ಬರಿದಾದರೆ ತುಂಬಲು ಯಾವ ಅಂಗಡಿಯಲ್ಲೂ ಏನೂ ಸಿಗುವುದಿಲ್ಲ.